ಮುಚ್ಚಿಟ್ಟು ನುಂಗುವ ಗುಳಿಗೆ

ವರದಕ್ಷಿಣೆಯ ವಿರುದ್ಧ ಮಾತಾಡುವಾಗ ನಾವು ತೊಲೆ ಬಂಗಾರ, ರೊಕ್ಕ, ಬೈಕು, ಮದುವೆಯ ಖರ್ಚು ಇವುಗಳ ಲೆಕ್ಕ ಹಾಕುತ್ತೇವೆ. ಆ ಲೆಕ್ಕದ ಒಳಗೆ ಇನ್ನೊಂದು ಲೆಕ್ಕ ಅಡಗಿದೆ. ಹೆಣ್ಣಿಗೆ ಏನೋ “ಕುಂದು” ಇದೆ ಎಂದು ಗೊತ್ತಾದರೆ ಕೇಳುವ ಮೊತ್ತ ಏರುತ್ತದೆ. ಏರಬಾರದು ಎಂದರೆ ಹೆಣ್ಣಿನ ಮನೆಯವರು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ಈ ಎರಡರ ನಡುವೆ ಸಿಕ್ಕಿ ನರಳುವವರಲ್ಲಿ ಮೂರ್ಛೆರೋಗ ಇರುವ, ಅಂದರೆ ನಾವು ಫಿಟ್ಸ್ ಎನ್ನುವ ಬ್ಯಾನಿ ಇರುವ ಹೆಣ್ಣುಮಕ್ಕಳೂ ಇದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ತಾಲೂಕಿನ ಸಂಘದಲ್ಲಿ ಕೇಳಿದರೂ “ನಮ್ಮ ಓಣ್ಯಾಗೂ ಒಬ್ಬಾಕಿ ಅದಾಳ” ಎನ್ನುವ ಮಾತು ಬರದೇ ಇರದು. ಬಂದರೂ ದನಿ ತಗ್ಗಿಸಿಯೇ ಬರುತ್ತದೆ.

ಆ ತಗ್ಗಿದ ದನಿಗೆ ಬೆಲೆ ತೆರುತ್ತಿರುವವರು ಯಾರು? ಮೊದಲು ಆ ಹೆಣ್ಣು, ಆಮೇಲೆ ಅವಳ ಹೊಟ್ಟೆಯಲ್ಲಿರುವ ಕೂಸು. ಫಿಟ್ಸಿಗೆ ಕೊಡುವ ಗುಳಿಗೆಗಳಲ್ಲಿ ಕೆಲವು ಗರ್ಭದಲ್ಲಿರುವ ಕೂಸಿಗೆ ಅಪಾಯ ತರುತ್ತವೆ. ಆ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದರೆ ತಪ್ಪಿಸಬೇಕಾದದ್ದು ಬಸುರಾಗುವ ಮೊದಲು. ಹಾಗಾಗಬೇಕಾದರೆ ಬ್ಯಾನಿಯ ಮಾತನ್ನು ಮನೆಯಲ್ಲಿ, ಮದುವೆಯ ಮಾತುಕತೆಯಲ್ಲಿ, ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಆಡುವಂತಿರಬೇಕು. ಮುಚ್ಚಿಟ್ಟ ಬ್ಯಾನಿಗೆ ಮುನ್ನೆಚ್ಚರಿಕೆ ಎಲ್ಲಿಂದ ಬರಬೇಕು?

ಮುಂದೆ ಓದುವ ಮೊದಲು ಒಂದು ಮಾತು. ಇದನ್ನು ಓದಿ, ಅಥವಾ ಓದಿದವರು ಹೇಳಿದ್ದು ಕೇಳಿ, ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬಂದು ತಾಯಿಯ ಜೀವಕ್ಕೇ ಸಂಚಕಾರ ಬರಬಹುದು. ಬಸುರಿಗೆ ಹೀಗಾದರೆ ಎರಡು ಜೀವಕ್ಕೂ ಅಪಾಯ. ಗುಳಿಗೆ ಬದಲಿಸುವುದು ವೈದ್ಯರ ಕೆಲಸ. ಬದಲಿಸಿರಿ ಎಂದು ಕೇಳುವುದು ನಮ್ಮ ಹಕ್ಕು.

ಹೇಳಿದರೆ ಯಾರು ಮಾಡಿಕೊಳ್ಳುತ್ತಾರೆ?

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಮನೆಗೆ ಹೋಗಿ ವಿಚಾರಿಸಿ, 2004ರಲ್ಲಿ ವರದಿ ಪ್ರಕಟಿಸಿದರು. ಸಾವಿರಕ್ಕೆ ಸುಮಾರು 9 ಜನರಿಗೆ ಮೂರ್ಛೆರೋಗ ಇತ್ತು. ಪೇಟೆಗಿಂತ ಹಳ್ಳಿಗಳಲ್ಲಿ ಎರಡರಷ್ಟು, ಅಂದರೆ ಸಾವಿರಕ್ಕೆ ಸುಮಾರು 12. ಇದೇ ಲೆಕ್ಕ ನಮ್ಮ ಕಡೆಗೂ ಹಿಡಿದರೆ ಮೂರು ಸಾವಿರ ಜನರಿರುವ ಒಂದು ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ. ಅವರಲ್ಲಿ ಹೆಣ್ಣುಮಕ್ಕಳು ಎಷ್ಟು, ಮದುವೆಯ ವಯಸ್ಸಿನವರು ಎಷ್ಟು ಎಂದು ನೀವೇ ಎಣಿಸಿ. ಇದು ಅಪರೂಪದ ಕಾಯಿಲೆಯಲ್ಲ. ಕಾಣದಂತೆ ಮಾಡಿರುವ ಕಾಯಿಲೆ.

ಹುಟ್ಟುವಾಗ ಕೂಸಿಗೆ ಉಸಿರು ಸಿಗದೆ ಹೋದದ್ದು, ತಲೆಗೆ ಬಿದ್ದ ಪೆಟ್ಟು, ಮೆದುಳು ಜ್ವರ, ಮೆದುಳು ಸೇರಿದ ಲಾಡಿಹುಳದ ಮರಿ, ಹೀಗೆ ಫಿಟ್ಸಿಗೆ ಕಾರಣಗಳು ಹಲವು. ದೆವ್ವ ಬಡಿಯುವುದರಿಂದ ಬರುವುದಿಲ್ಲ, ಮುಟ್ಟಿದರೆ ಅಂಟುವುದಿಲ್ಲ. ತಾಯಿಗೆ ಇದ್ದರೆ ಮಕ್ಕಳಿಗೆಲ್ಲ ಬಂದೇ ಬರುತ್ತದೆ ಎನ್ನುವುದೂ ಸುಳ್ಳು. ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಸರಿಯಾದ ಗುಳಿಗೆಯನ್ನು ತಪ್ಪದೆ ತೆಗೆದುಕೊಂಡರೆ ಹತ್ತರಲ್ಲಿ ಏಳು ಜನರಿಗೆ ಫಿಟ್ಸ್ ಹತೋಟಿಗೆ ಬರುತ್ತದೆ. ಅಂಥವರು ಹೊಲದಲ್ಲಿ ದುಡಿಯುತ್ತಾರೆ, ಶಾಲೆಯಲ್ಲಿ ಕಲಿಸುತ್ತಾರೆ, ಮಕ್ಕಳನ್ನು ಹೆತ್ತು ಸಾಕುತ್ತಾರೆ.

ಆದರೂ ಹೆಣ್ಣು ನೋಡಲು ಬಂದವರ ಮುಂದೆ ಗುಳಿಗೆಯ ಡಬ್ಬಿ ಜೋಳದ ಚೀಲದ ಹಿಂದೆ ಸೇರುತ್ತದೆ. “ಹುಡುಗಿಗೆ ಫಿಟ್ಸ್ ಐತಿ ಅಂದ್ರ ಯಾರ್ ಮಾಡ್ಕೊಂತಾರ? ಲಗ್ನ ಆದಮ್ಯಾಲ ಎಲ್ಲಾ ಸರಿ ಹೋಗತೈತಿ” ಎಂದು ಹಿರಿಯರು ತೀರ್ಮಾನ ಕೊಡುತ್ತಾರೆ. ಮದುವೆ ಮಾಡಿದರೆ ಫಿಟ್ಸ್ ಹೋಗುತ್ತದೆ ಎಂಬ ನಂಬಿಕೆಯೂ ಇದೆ. ಹೀಗೆ ಹೇಳುವ ತಾಯಿ ತಂದೆಯರನ್ನು ಬೈದು ಪ್ರಯೋಜನವಿಲ್ಲ. ಹೆಣ್ಣಿಗೆ ಮದುವೆಯೊಂದೇ ನೆಲೆ ಎಂದು ಸಮಾಜ ಹೇಳಿಕೊಟ್ಟಿರುವಾಗ ಅವರು ಹೆದರುವುದು ಸಹಜ. ಆದರೆ ಆ ಹೆದರಿಕೆಯಿಂದ ಮುಚ್ಚಿಟ್ಟಾಗ ಏನಾಗುತ್ತದೆ ಎಂಬುದನ್ನು ನೋಡಬೇಕು.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ವೈದ್ಯರು ಮದುವೆಗೆ ಮೊದಲೇ ಫಿಟ್ಸ್ ಇದ್ದ ಹೆಂಗಸರನ್ನು ಮಾತಾಡಿಸಿ 2007ರಲ್ಲಿ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮದುವೆಯ ಮಾತುಕತೆಯಲ್ಲಿ ಬ್ಯಾನಿಯನ್ನು ಮುಚ್ಚಿಟ್ಟಿದ್ದರು. ಮುಚ್ಚಿಟ್ಟವರು ಗುಳಿಗೆಯನ್ನು ಕದ್ದು ನುಂಗಬೇಕಾಗಿ ಬಂದು ತಪ್ಪಿಸಿದ್ದರು, ವೈದ್ಯರ ಬಳಿ ಹೋಗುವುದನ್ನು ಕಡಿಮೆ ಮಾಡಿದ್ದರು. ಗಂಡನಿಂದ ದೂರವಾದವರೂ ಅವರಲ್ಲೇ ಹೆಚ್ಚು. ಸಾಕ್ಷರತೆಯಲ್ಲಿ ನಮಗಿಂತ ಬಹಳ ಮುಂದಿರುವ ಕೇರಳದ ಕತೆ ಇದು. ಗಂಡನ ಮನೆಗೆ ಹೋದ ಮೇಲೆ ಔಷಧಿ ಅಂಗಡಿಗೆ ಒಬ್ಬಳೇ ಹೋಗುವ ಅವಕಾಶವೇ ಇಲ್ಲದ, ಸುಗ್ಗಿ ಮುಗಿದೊಡನೆ ಮಂಗಳೂರಿಗೋ ಬೆಂಗಳೂರಿಗೋ ದುಡಿಯಲು ಗುಳೆ ಹೋಗುವ ಕುಷ್ಟಗಿ, ಯಲಬುರ್ಗಾದ ಸೊಸೆಯ ಪಾಡು ಇದಕ್ಕಿಂತ ಹಗುರವಾಗಿರಲು ಸಾಧ್ಯವೇ?

ಯಾವ ಗುಳಿಗೆ, ಎಂಥ ಅಪಾಯ

ಎಲ್ಲ ಗುಳಿಗೆಗಳೂ ಒಂದೇ ಅಲ್ಲ. ಯಾವ ಔಷಧಿಯನ್ನೂ ತೆಗೆದುಕೊಳ್ಳದ ನೂರು ಬಸುರಿಯರಲ್ಲೂ ಎರಡು ಮೂರು ಕೂಸುಗಳು ಏನಾದರೊಂದು ಅಂಗದ ದೋಷದೊಂದಿಗೆ ಹುಟ್ಟುತ್ತವೆ. ಇದನ್ನು ಮೊದಲು ನೆನಪಿಡಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಸೋಡಿಯಂ ವಾಲ್ಪ್ರೋಯೇಟ್ ಎಂಬ ಔಷಧಿಗೆ. ಅಂಗಡಿಯಲ್ಲಿ ಇದು ವಾಲ್ಪರಿನ್, ಎನ್ಕೊರೇಟ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಫಿಟ್ಸಿಗೆ ಒಳ್ಳೆಯ ಔಷಧಿ, ಅದರಲ್ಲಿ ಅನುಮಾನವಿಲ್ಲ. ಆದರೆ ಬಸುರಿನಲ್ಲಿ ಇದನ್ನು ತೆಗೆದುಕೊಂಡ ನೂರು ತಾಯಂದಿರಲ್ಲಿ ಸುಮಾರು ಹತ್ತು ಜನರ ಕೂಸುಗಳಿಗೆ ಅಂಗದ ದೋಷ ಕಂಡುಬಂದಿದೆ. ಬೆನ್ನುಹುರಿ ಪೂರ್ತಿ ಮುಚ್ಚದೆ ಬೆನ್ನ ಮೇಲೆ ಗಂಟು ಕಾಣಿಸುವುದು, ತುಟಿ ಅಥವಾ ಅಂಗಳ ಸೀಳಿರುವುದು, ಹೃದಯದಲ್ಲಿ ರಂಧ್ರ, ಹೀಗೆ. ಇದು ಕಣ್ಣಿಗೆ ಕಾಣುವ ಹಾನಿ. ಕಾಣದ ಹಾನಿ ಇನ್ನೂ ದೊಡ್ಡದು. ನೂರರಲ್ಲಿ ಮೂವತ್ತರಿಂದ ನಲವತ್ತು ಮಕ್ಕಳು ನಡೆಯುವುದು, ಮಾತಾಡುವುದು ತಡವಾಗುತ್ತದೆ, ನೆನಪು ಮತ್ತು ಕಲಿಕೆ ಹಿಂದೆ ಬೀಳುತ್ತದೆ, ಕೆಲವರಿಗೆ ಆಟಿಸಂ ಬರುತ್ತದೆ. ಔಷಧಿಯ ಪ್ರಮಾಣ ಹೆಚ್ಚಾದಂತೆ ಅಪಾಯವೂ ಹೆಚ್ಚು.

ಗಾರ್ಡಿನಾಲ್, ಅಂದರೆ ಫಿನೋಬಾರ್ಬಿಟೋನ್, ಮತ್ತು ಎಪ್ಟಾಯಿನ್, ಅಂದರೆ ಫೆನಿಟಾಯಿನ್, ಇವುಗಳಲ್ಲಿ ಅಂಗದೋಷದ ಪ್ರಮಾಣ ನೂರಕ್ಕೆ ಆರರ ಆಸುಪಾಸು. ಟೆಗ್ರಿಟಾಲ್ ಹೆಸರಿನ ಕಾರ್ಬಮಝೆಪಿನ್‌ನಲ್ಲಿ ನಾಲ್ಕೈದು. ಟೋಪಿರಮೇಟ್‌ನಲ್ಲೂ ಅಷ್ಟೇ. ಲ್ಯಾಮೊಟ್ರಿಜಿನ್ ಮತ್ತು ಲೆವೆಟಿರಾಸಿಟಾಮ್ ಎಂಬ ಎರಡು ಔಷಧಿಗಳಲ್ಲಿ ಮಾತ್ರ ಈ ಪ್ರಮಾಣ ಔಷಧಿ ತೆಗೆದುಕೊಳ್ಳದವರಿಗಿಂತ ಹೆಚ್ಚೇನೂ ಕಂಡಿಲ್ಲ. ಎರಡು ಮೂರು ಬಗೆಯ ಗುಳಿಗೆಗಳನ್ನು ಒಟ್ಟಿಗೆ ನುಂಗುವವರಿಗೆ, ಅದರಲ್ಲೂ ವಾಲ್ಪ್ರೋಯೇಟ್ ಅದರಲ್ಲೊಂದಾಗಿದ್ದರೆ, ಅಪಾಯ ಹೆಚ್ಚು.

ವಾಲ್ಪ್ರೋಯೇಟನ್ನು ಫಿಟ್ಸಿಗಷ್ಟೇ ಅಲ್ಲ, ಕೆಲವು ಮಾನಸಿಕ ಕಾಯಿಲೆಗಳಿಗೂ, ಅರೆತಲೆನೋವಿಗೂ ಕೊಡುತ್ತಾರೆ. ಆದ್ದರಿಂದ “ನನಗೆ ಫಿಟ್ಸ್ ಇಲ್ಲ, ಇದು ನನಗೆ ಸಂಬಂಧವಿಲ್ಲ” ಎಂದುಕೊಳ್ಳಬೇಡಿ. ಗುಳಿಗೆಯ ಹಾಳೆಯ ಬೆನ್ನ ಮೇಲೆ ಕಂಪನಿ ಇಟ್ಟ ಹೆಸರೂ ಇರುತ್ತದೆ, ಔಷಧಿಯ ಹೆಸರೂ ಇರುತ್ತದೆ. ಆ ಔಷಧಿಯ ಹೆಸರನ್ನು ಓದಿಸಿಕೊಳ್ಳಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಕೂಸಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಂಡು ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ. ಆಗ ಮುಟ್ಟು ನಿಂತು ಒಂದೆರಡು ವಾರ ಆಗಿರುತ್ತದೆ, ಅಷ್ಟೇ. ಎಷ್ಟೋ ಜನರಿಗೆ ತಾವು ಬಸುರಿ ಎಂದು ಗೊತ್ತೇ ಆಗಿರುವುದಿಲ್ಲ. ಆಮೇಲೆ ಆಶಾ ಕಾರ್ಯಕರ್ತೆಗೆ ತಿಳಿದು, ತಾಯಿ ಕಾರ್ಡು ಮಾಡಿಸಿ, ಕಬ್ಬಿಣಾಂಶದ ಗುಳಿಗೆ ಕೈಗೆ ಬರುವ ಹೊತ್ತಿಗೆ ಬೆನ್ನುಹುರಿ ಮುಚ್ಚಬೇಕಾದ ಸಮಯ ಕಳೆದುಹೋಗಿರುತ್ತದೆ. ಕುಬಸದ ಹೊತ್ತಿಗಂತೂ ಕೇಳುವುದೇ ಬೇಡ. ಮೆದುಳಿನ ಬೆಳವಣಿಗೆಗೆ ಒಂಬತ್ತು ತಿಂಗಳೂ ಅಪಾಯ ಇದ್ದೇ ಇರುವುದರಿಂದ ತಡವಾದರೂ ವೈದ್ಯರಿಗೆ ಹೇಳಲೇಬೇಕು. ಆದರೆ ನಿಜವಾದ ಸಮಯ ಮದುವೆಗೆ ಮೊದಲು, ಅಥವಾ ಮಗು ಬೇಕು ಎಂದುಕೊಳ್ಳುವುದಕ್ಕೆ ಮೊದಲು. ಗುಳಿಗೆ ಬದಲಿಸಿ ಹೊಸದು ಮೈಗೆ ಹೊಂದಿಕೊಂಡಿತೇ ಎಂದು ನೋಡಲು ತಿಂಗಳುಗಳೇ ಬೇಕು. ಫೋಲಿಕ್ ಆಮ್ಲದ ಗುಳಿಗೆಯನ್ನೂ ಬಸುರಾಗುವ ಮೊದಲೇ ಶುರು ಮಾಡಬೇಕು. ಎಷ್ಟು ಎಂದು ವೈದ್ಯರು ಹೇಳುತ್ತಾರೆ. ಫೋಲಿಕ್ ಆಮ್ಲ ತೆಗೆದುಕೊಂಡ ಮಾತ್ರಕ್ಕೆ ವಾಲ್ಪ್ರೋಯೇಟಿನ ಅಪಾಯ ಹೋಗುವುದಿಲ್ಲ ಎಂಬುದೂ ಗೊತ್ತಿರಲಿ.

ತಪ್ಪು ಯಾರ ತಲೆಗೆ?

ತುಟಿ ಸೀಳಿದ ಕೂಸು ಹುಟ್ಟಿದರೆ “ಗ್ರಹಣ ಹಿಡಿದಾಗ ಹೊರಗ ಬಂದಿದ್ಲು” ಎನ್ನುತ್ತಾರೆ. ಬೆನ್ನ ಮೇಲೆ ಗಂಟಿದ್ದರೆ “ದೇವರ ಹರಕಿ ಮರೆತಾಳ” ಎನ್ನುತ್ತಾರೆ. ಮಗು ಮೂರು ವರ್ಷವಾದರೂ ಮಾತಾಡದಿದ್ದರೆ “ಅವರ ವಂಶದಾಗ ಐತಿ” ಎಂದು ತವರುಮನೆಯ ಮೇಲೆ ಹಾಕುತ್ತಾರೆ. ಎಲ್ಲದರಲ್ಲೂ ತಪ್ಪಿತಸ್ಥಳು ಸೊಸೆ. ಇದೇ ನೆಪದಲ್ಲಿ ಮತ್ತೆ ರೊಕ್ಕದ ಬೇಡಿಕೆ, ಹೊಡೆತ, ಇನ್ನೊಂದು ಲಗ್ನದ ಮಾತು. ಇವಳು ತನ್ನ ಗುಳಿಗೆಯ ಹೆಸರನ್ನು ವೈದ್ಯರಿಗೆ ಹೇಳದಂತೆ ಮಾಡಿದವರು ಯಾರು, ಗುಳಿಗೆ ಕೊಟ್ಟವರು “ಬಸುರಾಗುವ ಮೊದಲು ಬಂದು ಹೇಳವ್ವ” ಎಂದಿದ್ದರೇ, ಇವುಗಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ಅಂಗದೋಷದೊಂದಿಗೆ ಹುಟ್ಟಿದ ಮಗು ಯಾರ ಪಾಪದ ಫಲವೂ ಅಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆ, ಶಾಲೆ, ಪ್ರೀತಿ ಎಲ್ಲವೂ ಸಿಗಬೇಕು. ನಾವು ಕೇಳುತ್ತಿರುವುದು ತಾಯಿಗೆ ತಿಳಿದುಕೊಳ್ಳುವ ಹಕ್ಕನ್ನು.

ಈ ಹಕ್ಕಿಗಾಗಿ ಬೇರೆ ದೇಶಗಳ ತಾಯಂದಿರು ಬಡಿದಾಡಿದ್ದಾರೆ. ವಾಲ್ಪ್ರೋಯೇಟ್ ಔಷಧಿಯಾಗಿ ಮೊದಲು ಮಾರುಕಟ್ಟೆಗೆ ಬಂದದ್ದು ಫ್ರಾನ್ಸಿನಲ್ಲಿ, 1967ರಲ್ಲಿ. ಅದರಿಂದ ಕೂಸಿನ ಬೆನ್ನುಹುರಿಗೆ ಹಾನಿಯಾಗುತ್ತದೆ ಎಂಬ ಸುಳಿವು ಅದೇ ದೇಶದ ಲಿಯಾನ್ ನಗರದಿಂದ 1982ರಲ್ಲೇ ಹೊರಬಿತ್ತು. ಆದರೂ ಮುಂದಿನ ಮೂವತ್ತು ವರ್ಷ ಸಾವಿರಾರು ಬಸುರಿಯರು ಅದನ್ನು ನುಂಗುತ್ತಲೇ ಇದ್ದರು. ತನ್ನ ಇಬ್ಬರು ಮಕ್ಕಳಿಗೂ ತೊಂದರೆಯಾದ ಮರೀನ್ ಮಾರ್ತಾಂ ಎಂಬ ತಾಯಿ 2011ರಲ್ಲಿ ಅಂಥ ತಾಯಂದಿರ ಸಂಘ ಕಟ್ಟಿದಳು. 2022ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ, ತಯಾರಕ ಕಂಪನಿ ಸನೋಫಿ ಅಪಾಯದ ಮಾಹಿತಿ ಕೊಡುವ ಹೊಣೆಯಲ್ಲಿ ತಪ್ಪಿದೆ ಎಂದು ಹೇಳಿತು. ಕಂಪನಿ ಅದನ್ನು ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಸರಕಾರ ನೇಮಿಸಿದ ಕಂಬರ್ಲೆಜ್ ಸಮಿತಿ 2020ರಲ್ಲಿ ವರದಿ ಕೊಟ್ಟು, ಹೆಂಗಸರು ಹೇಳಿದ್ದನ್ನು ವರ್ಷಗಟ್ಟಲೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಆರೋಗ್ಯ ವ್ಯವಸ್ಥೆಯನ್ನು ತರಾಟೆಗೆ ತೆಗೆದುಕೊಂಡಿತು. 2018ರಿಂದ ಯುರೋಪಿನಲ್ಲಿ, ಬಸುರಾಗುವ ವಯಸ್ಸಿನ ಹೆಂಗಸರಿಗೆ ಬೇರೆ ಔಷಧಿ ನಾಟದಿದ್ದರೆ ಮಾತ್ರ, ಗರ್ಭ ನಿಲ್ಲದಂತೆ ಏರ್ಪಾಟು ಮಾಡಿಕೊಂಡ ಮೇಲೆ ಮಾತ್ರ ಇದನ್ನು ಕೊಡಬೇಕೆಂಬ ಕಟ್ಟಳೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ತನ್ನ ಮಾರ್ಗಸೂಚಿಯಲ್ಲಿ ಫಿಟ್ಸ್ ಇರುವ ಇಂಥ ಹೆಂಗಸರಿಗೆ ಮತ್ತು ಹುಡುಗಿಯರಿಗೆ ಇದನ್ನು ಕೊಡಬಾರದು ಎಂದಿದೆ. ಇನ್ನೂ ಒಂದು ಸಂಗತಿ: ಮಗು ಹುಟ್ಟಿಸುವ ಮೊದಲಿನ ಮೂರು ತಿಂಗಳಲ್ಲಿ ಗಂಡಸು ಈ ಗುಳಿಗೆ ನುಂಗಿದ್ದರೂ ಮಗುವಿನ ಬೆಳವಣಿಗೆಗೆ ಸ್ವಲ್ಪ ಅಪಾಯ ಇರಬಹುದೆಂದು ಯುರೋಪಿನ ಔಷಧಿ ಪ್ರಾಧಿಕಾರ 2024ರಲ್ಲಿ ಎಚ್ಚರಿಸಿದೆ. ಎಲ್ಲ ದೋಷವನ್ನೂ ಸೊಸೆಯ ಸೆರಗಿಗೆ ಕಟ್ಟುವವರು ಇದನ್ನೂ ಕೇಳಲಿ.

ನಮ್ಮ ವೈದ್ಯರಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. “ಇದನ್ನೆಲ್ಲ ಹಳ್ಳಿಯ ಹೆಂಗಸರಿಗೆ ಹೇಳಿದರೆ ಹೆದರಿ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ” ಎನ್ನುತ್ತಾರೆ. ಈ ಕಾಳಜಿ ಸುಳ್ಳಲ್ಲ. ಆದರೆ ಅರ್ಧ ಸುದ್ದಿ ಕೇಳಿದವಳು ಬಿಡುತ್ತಾಳೆ, ಪೂರ್ತಿ ತಿಳಿದವಳು ಬಂದು ಕೇಳುತ್ತಾಳೆ. ಫಿಟ್ಸ್ ಇರುವ ಹೆಂಗಸರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಅಂಗದೋಷವಿಲ್ಲದ ಮಕ್ಕಳನ್ನೇ ಹೆರುತ್ತಾರೆ ಎಂಬ ಮಾತನ್ನೂ ಸೇರಿಸಿ ಹೇಳಿದರೆ ಯಾಕೆ ಹೆದರಬೇಕು? ಅದೇ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಸಂಜೀವ್ ಥಾಮಸ್ 1998ರಲ್ಲಿ ಫಿಟ್ಸ್ ಇರುವ ಬಸುರಿಯರ ದಾಖಲೆ ಪುಸ್ತಕವನ್ನೇ ಶುರು ಮಾಡಿದರು. ಬಸುರಾಗುವ ಮೊದಲಿನಿಂದ ಮಗು ಬೆಳೆಯುವವರೆಗೆ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಅಲ್ಲಿ ನೋಡಿಕೊಂಡಿದ್ದಾರೆ. ಹೇಳಿದರೆ ಹೆಂಗಸರು ತಿಳಿದುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಒಲೆಯ ಮುಂದೆ ಬಿದ್ದಳಂತೆ!

ಗಂಡನ ಮನೆಯವರಿಗೆ ಗೊತ್ತಾಗಬಾರದೆಂದು ಗುಳಿಗೆ ಬಿಟ್ಟವಳಿಗೆ ಒಂದು ದಿನ ಒಲೆಯ ಮುಂದೆಯೋ, ಬಾವಿಯ ಕಟ್ಟೆಯ ಮೇಲೋ, ಕಾಲುವೆಯಲ್ಲಿ ಬಟ್ಟೆ ಒಗೆಯುವಾಗಲೋ ಫಿಟ್ಸ್ ಬರುತ್ತದೆ. ಸುಟ್ಟುಕೊಂಡು, ಮುಳುಗಿ ಸಾಯುವುದು ನಿಜವಾಗಿಯೂ ನಡೆಯುತ್ತದೆ. ಇದರ ಇನ್ನೊಂದು ಮುಖ ನಮಗೆ ಗೊತ್ತೇ ಇದೆ. ಸೀಮೆಎಣ್ಣೆ ಸುರಿದವರೂ “ಫಿಟ್ಸ್ ಬಂದು ಒಲೆಯ ಮೇಲೆ ಬಿದ್ದಳು” ಎಂದು ಹೇಳಬಲ್ಲರು. ಎರಡರಲ್ಲಿ ಯಾವುದು ನಿಜ ಎಂದು ತಿಳಿಯುವುದು ತನಿಖೆಯಿಂದ ಮಾತ್ರ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರ ಮಟ್ಟದ ಅಧಿಕಾರಿ ಶವಪಂಚನಾಮೆ ಮಾಡಬೇಕು. ಫಿಟ್ಸ್ ಇತ್ತು ಎಂಬ ಒಂದೇ ಮಾತಿಗೆ ಕಡತ ಮುಚ್ಚಲು ಸಂಘದವರು ಬಿಡಬಾರದು. ಅವಳಿಗೆ ಗುಳಿಗೆ ಸಿಗುತ್ತಿತ್ತೇ, ಯಾರಾದರೂ ಕಸಿದುಕೊಂಡಿದ್ದರೇ ಎಂದೂ ಕೇಳಬೇಕು. ಹೆಂಡತಿಯ ಆರೋಗ್ಯಕ್ಕೆ, ಜೀವಕ್ಕೆ ಅಪಾಯ ತರುವ ನಡತೆಯೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ದೌರ್ಜನ್ಯವೇ. ಔಷಧಿ ಕಸಿಯುವುದು, ದೆವ್ವ ಬಿಡಿಸುವ ನೆಪದಲ್ಲಿ ಬರೆ ಹಾಕುವುದು, ಹೊಡೆಯುವುದು ಇವೆಲ್ಲ ಅದರಲ್ಲಿ ಬರುತ್ತವೆ.

ಕಾನೂನಿನ ಇನ್ನೊಂದು ಸಂಗತಿ ಎಲ್ಲರಿಗೂ ತಿಳಿದಿರಬೇಕು. 1976ರಲ್ಲಿ ಹಿಂದೂ ವಿವಾಹ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ ಹುಚ್ಚಿನ ಪಕ್ಕದಲ್ಲೇ ಮೂರ್ಛೆರೋಗವನ್ನೂ ಸೇರಿಸಿ, ಮೇಲಿಂದ ಮೇಲೆ ಫಿಟ್ಸ್ ಬರುವವರು ಮದುವೆಗೆ ಅರ್ಹರಲ್ಲ ಎಂದು ಬರೆದಿದ್ದರು. ಆ ಕಾರಣ ಕೊಟ್ಟು ಮದುವೆಯನ್ನೇ ರದ್ದುಪಡಿಸಬಹುದಾಗಿತ್ತು. 1999ರಲ್ಲಿ ಸಂಸತ್ತು “ಮೂರ್ಛೆರೋಗ” ಎಂಬ ಪದವನ್ನು ಕಾಯಿದೆಯಿಂದ ಕಿತ್ತುಹಾಕಿತು. ಫಿಟ್ಸ್ ಇದ್ದವಳೂ ಉಳಿದವರಂತೆ ಮದುವೆಯಾಗಬಹುದು. ಫಿಟ್ಸ್ ಇದೆ ಎಂಬ ಕಾರಣಕ್ಕೆ ಅವಳನ್ನು ಬಿಡಲು ಬರುವುದಿಲ್ಲ. ಆದರೆ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಮೋಸದಿಂದ ಮದುವೆ ಮಾಡಿದರು ಎಂದು ಅರ್ಜಿ ಹಾಕುವ ದಾರಿ ಗಂಡನಿಗೆ ಇನ್ನೂ ಉಳಿದಿದೆ. ಹಾಗಾದರೆ ಮುಚ್ಚಿಡುವುದು ಹೆಣ್ಣನ್ನು ಕಾಪಾಡುತ್ತದೆಯೇ? ಇಲ್ಲ. ಅವಳ ಕೈಯಲ್ಲಿದ್ದ ಕಾನೂನನ್ನು ಕಿತ್ತು ಎದುರಿನವರ ಕೈಗೆ ಕೊಡುತ್ತದೆ. ಹೇಳಿದ ಮೇಲೆ “ಹಾಗಾದರೆ ಇನ್ನೆರಡು ತೊಲೆ ಹಾಕಿರಿ” ಎಂದರೆ ಅದು 1961ರ ಕಾಯಿದೆಯ ಪ್ರಕಾರ ವರದಕ್ಷಿಣೆಯೇ, ಅಪರಾಧವೇ. ಅಂಥ ಮನೆಗೆ ಕೊಡದಿರುವುದೇ ಲೇಸು.

ನಮ್ಮ ಜಿಲ್ಲೆಗೆ ಏನು ಬೇಕು

ಬಡ ಜಿಲ್ಲೆಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಕೆಲವರು ಕೇಳಬಹುದು. ನಮ್ಮ ಮಗ್ಗುಲಲ್ಲೇ ಉತ್ತರ ಇದೆ. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲಕ್ಕೆ, 1985ರಲ್ಲಿ, ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಯ ಜೊತೆಗೆ ಫಿಟ್ಸಿಗೂ ಹಳ್ಳಿಯಲ್ಲೇ ಔಷಧಿ ಕೊಟ್ಟರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆರಂಭವಾದದ್ದು ಬಳ್ಳಾರಿಯ ಈ ಮಾದರಿಯ ಮೇಲೆಯೇ. ಚಾಮರಾಜನಗರದ ಕಡೆಯ ಯಳಂದೂರಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಗಾರ್ಡಿನಾಲ್, ಎಪ್ಟಾಯಿನ್‌ನಂಥ ಅಗ್ಗದ ಗುಳಿಗೆಗಳಿಂದಲೇ ಹಳ್ಳಿಯ ಜನರ ಫಿಟ್ಸನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ಕೆಲಸದ ಫಲ 2001ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳ್ಳಿಗೆ ಔಷಧಿ ಮುಟ್ಟಿಸುವುದು ಆಗದ ಮಾತಲ್ಲ ಎಂದು ಕರ್ನಾಟಕವೇ ತೋರಿಸಿಕೊಟ್ಟಿದೆ. ಈಗ ಮುಂದಿನ ಹೆಜ್ಜೆ ಇಡಬೇಕು: ಬಸುರಾಗುವ ವಯಸ್ಸಿನ ಹೆಂಗಸಿಗೆ ಕೂಸಿಗೂ ಸುರಕ್ಷಿತವಾದ ಔಷಧಿ ಮುಟ್ಟಬೇಕು. ಲೆವೆಟಿರಾಸಿಟಾಮ್ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದರೆ ಸಾಲದು, ಕುಷ್ಟಗಿ, ಯಲಬುರ್ಗಾದ ತಾಲೂಕು ಆಸ್ಪತ್ರೆಯ ಕಪಾಟಿನಲ್ಲಿ ಸದಾ ಇರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ನಾಲ್ಕೂ ಊರುಗಳ ಸರಕಾರಿ ಆಸ್ಪತ್ರೆಗಳಲ್ಲಿ ಲೆವೆಟಿರಾಸಿಟಾಮ್, ಲ್ಯಾಮೊಟ್ರಿಜಿನ್ ಪುಕ್ಕಟೆ ಸಿಗಬೇಕು. ಹುಬ್ಬಳ್ಳಿ, ಬಳ್ಳಾರಿಗೆ ಕೂಲಿ ಬಿಟ್ಟು ಅಲೆಯುವುದು ತಪ್ಪುವಂತೆ ನರರೋಗ ತಜ್ಞರು ತಾಲೂಕಿಗೆ ತಿಂಗಳಿಗೊಮ್ಮೆಯಾದರೂ ಬರಬೇಕು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಪೂರ್ತಿ ಪ್ರಯೋಜನ ನಮ್ಮ ಹಳ್ಳಿಗಳಿಗೂ ಮುಟ್ಟಬೇಕು. ತಾಯಿ ಕಾರ್ಡು ಬರೆಯುವಾಗ “ಫಿಟ್ಸ್ ಇದೆಯೇ, ಯಾವ ಗುಳಿಗೆ” ಎಂದು ಅತ್ತೆ, ಗಂಡನನ್ನು ಹೊರಗೆ ಕೂಡಿಸಿ ಕೇಳಬೇಕು. ಔಷಧಿ ಅಂಗಡಿಯವರು ವಾಲ್ಪ್ರೋಯೇಟ್ ಕೊಡುವಾಗ ಕನ್ನಡದಲ್ಲಿ ಎಚ್ಚರಿಕೆಯ ಚೀಟಿ ಕೊಡಬೇಕು. ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಬರುವ ಹಣ ರಸ್ತೆ, ಕಟ್ಟಡಗಳಿಗಷ್ಟೇ ಖರ್ಚಾಗದೆ ಇಂಥ ಕೆಲಸಕ್ಕೂ ಬರಲಿ.

ಸರಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಒಂದು ಸಲ ಈ ವಿಷಯ ಎತ್ತಿ. ಫಿಟ್ಸ್ ಇರುವ ಹೆಣ್ಣುಮಗಳಿದ್ದರೆ ಅವಳ ಗುಳಿಗೆಯ ಹಾಳೆಯನ್ನು ತರಿಸಿ ಹೆಸರು ಓದಿಸಿ. ವೈದ್ಯರ ಬಳಿ ಅವಳ ಜೊತೆ ಒಬ್ಬರು ಹೋಗಿ. ಬಸ್ ಚಾರ್ಜಿಗೆ, ಔಷಧಿಗೆ ಸಂಘದಿಂದ ಬಡ್ಡಿಯಿಲ್ಲದ ಕೈಗಡ ಕೊಡಿ. ಮಗು ಈಗಲೇ ಬೇಡ ಎನ್ನುವವರಿಗೆ ಒಂದು ಮಾತು ತಿಳಿಸಿ: ಗಾರ್ಡಿನಾಲ್, ಎಪ್ಟಾಯಿನ್, ಟೆಗ್ರಿಟಾಲ್ ನುಂಗುವವರಿಗೆ ಮಾಲಾ-ಎನ್‌ನಂಥ ಗರ್ಭನಿರೋಧಕ ಗುಳಿಗೆ ಸರಿಯಾಗಿ ನಾಟುವುದಿಲ್ಲ, ಅವರಿಗೆ ವಂಕಿ ಹೆಚ್ಚು ನಂಬಿಗೆಯದು. ಈಗಾಗಲೇ ಬಸುರಾಗಿದ್ದರೆ ಪ್ರತಿ ತಿಂಗಳ 9ನೇ ತಾರೀಕ ಸರಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ನೋಡುತ್ತಾರೆ. ಅಲ್ಲಿಗೆ ಕರೆದೊಯ್ದು ಗುಳಿಗೆಯ ಹೆಸರು ಹೇಳಿಸಿ, ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪದಂತೆ ನೋಡಿಕೊಳ್ಳಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಬಾಣಂತಿ ಗುಳಿಗೆ ಬಿಡುವುದು ಬೇಡ. ಫಿಟ್ಸಿನ ಗುಳಿಗೆ ನುಂಗುವ ತಾಯಂದಿರು ಸಾಮಾನ್ಯವಾಗಿ ಕೂಸಿಗೆ ಎದೆಹಾಲು ಕೊಡಬಹುದು, ವೈದ್ಯರನ್ನು ಕೇಳಿ ಕೊಡಲಿ. ಹೊಡೆತ, ಹೊರಗೆ ಹಾಕುವ ಬೆದರಿಕೆ ಇದ್ದರೆ 181ಕ್ಕೆ ಫೋನ್ ಮಾಡಿ, ಸಾಂತ್ವನ ಅಥವಾ ಸಖಿ ಕೇಂದ್ರಕ್ಕೆ ಹೋಗಿ. ಆರೋಗ್ಯದ ವಿಚಾರಕ್ಕೆ 104 ಇದೆ.

ಎಲ್ಲಕ್ಕಿಂತ ಮೊದಲ ಕೆಲಸ ಮದುವೆಯ ಮಾತುಕತೆಯಲ್ಲಿದೆ. ಹೆಣ್ಣಿನ ಕಡೆಯವರಾಗಿ ಕೂತಾಗ “ನಮ್ಮ ಹುಡುಗಿಗೆ ಫಿಟ್ಸ್ ಇತ್ತು, ಗುಳಿಗೆ ತಗೋತಾಳ, ಆರಾಮ ಅದಾಳ” ಎಂದು ನೆಟ್ಟಗೆ ಹೇಳುವ ಧೈರ್ಯ ಒಬ್ಬಳೇ ತಾಯಿಗೆ ಬರುವುದು ಕಷ್ಟ. ಹತ್ತು ಜನ ಸಂಘದ ಹೆಂಗಸರು ಬೆನ್ನಿಗೆ ಕೂತರೆ ಬರುತ್ತದೆ. ಗಂಡಿನ ಕಡೆಯವರಾಗಿ ಕೂತಾಗಲೂ ನಾವು ಹೆಂಗಸರೇ ಅಲ್ಲವೇ? ಆಗ ಆ ಮಾತು ಕೇಳಿ ಎದ್ದು ಹೋಗದೆ, “ಯಾವ ಡಾಕ್ಟರಿಗೆ ತೋರಸೀರಿ? ಮುಂದ ಮಗು ಆಗೂ ಮೊದಲ ಇನ್ನೊಮ್ಮೆ ತೋರಸೋಣ” ಎನ್ನುವ ಅತ್ತೆ ನಮ್ಮ ಸಂಘದಿಂದಲೇ ಬರಬೇಕು. ಗುಳಿಗೆಯ ಡಬ್ಬಿ ಜೋಳದ ಚೀಲದ ಹಿಂದಿನಿಂದ ಹೊರಬಂದು ಎಲ್ಲರಿಗೂ ಕಾಣುವ ಗೂಡಿನಲ್ಲಿ ಕೂತ ದಿನ ಅರ್ಧ ಅಪಾಯ ಕಳೆಯುತ್ತದೆ. ಉಳಿದರ್ಧಕ್ಕೆ ನಾವು ಕೂಡಿ ಸರಕಾರದ ಬಾಗಿಲು ಬಡಿಯೋಣ.